ಆರು ಆರ್ಗನ್ ಒಟ್ಟಿಗೆ ನುಡಿದಾಗ

ಸಂಪಾದಕರೇ,

ಚರ್ಚುಗಳಲ್ಲಿ ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಆರ್ಗನ್ ವಾದ್ಯ ಅಂದರೆ ನಮ್ಮಲ್ಲಿ ಬರೀ ಜರ್ಮನಿ, ಅಲ್ಲಿನ ಸಂಗೀತಕಾರ ಬಾಖ್ ಅಷ್ಟೇ. ಪೋರ್ಚುಗಲ್ ಕಡೆಗೂ ಸ್ವಲ್ಪ ನೋಡಬೇಕಲ್ವಾ? ಅಲ್ಲಿನ ಸಂಗೀತಕಾರ ಮಾನುಯೆಲ್ ರೊಡ್ರಿಗೆಸ್ ಕೊಯೆಲ್ಯೊ ಅವರ ಸಂಗೀತ ರಚನೆಗಳ ಪುಸ್ತಕ 'ಫ್ಲೋರೆಸ್ ದೆ ಮುಸಿಕಾ' 1620ರಲ್ಲೇ ಲಿಸ್ಬನ್‌ನಲ್ಲಿ ಅಚ್ಚಾಗಿತ್ತು. ಅಲ್ಲಿನ ಹಳೇ ಆರ್ಗನ್‌ಗಳಲ್ಲಿ ಒಂದೇ ಕೀಲಿಮಣೆಯ ಎಡ ಅರ್ಧಕ್ಕೊಂದು ದನಿ, ಬಲ ಅರ್ಧಕ್ಕೆ ಬೇರೆ ದನಿ ಇಟ್ಟುಕೊಂಡು ನುಡಿಸಬಹುದು. ಎಷ್ಟೋ ಕಡೆ ಕಹಳೆಯಂಥ ಕೊಳವೆಗಳು ಅಡ್ಡಡ್ಡ ಮುಂದಕ್ಕೆ ಚಾಚಿಕೊಂಡಿರುತ್ತವೆ, ಅವುಗಳ ಸದ್ದು ನೇರ ಎದೆಗೇ ಬಂದು ತಾಗುತ್ತದೆ. ಅಲ್ಲಿನ ಮಾಫ್ರಾ ಅರಮನೆಯ ಬೆಸಿಲಿಕಾದಲ್ಲಂತೂ (ದೊಡ್ಡ ಚರ್ಚಿನಲ್ಲಿ) ಆರು ಆರ್ಗನ್‌ಗಳಿವೆ. ವರ್ಷಗಟ್ಟಲೆ ರಿಪೇರಿ ಆದಮೇಲೆ 2010ರಲ್ಲಿ ಆರೂ ಮತ್ತೆ ಒಟ್ಟಿಗೆ ನುಡಿದವು. ಮೊನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದರ ರೆಕಾರ್ಡಿಂಗ್ ಕೇಳಿದೆ. ಒಂದು ಬಿಟ್ಟ ಕಡೆ ಇನ್ನೊಂದು ಎತ್ತಿಕೊಳ್ಳುತ್ತದೆ, ಥೇಟ್ ಜುಗಲ್‌ಬಂದಿ! ದಯವಿಟ್ಟು ಇದರ ಬಗ್ಗೆ ಒಂದು ಲೇಖನ ಹಾಕಿ, ಫೋಟೋ ಸಮೇತ.

- ನಿಮ್ಮ ಓದುಗ