ಸರಕು ಹಡಗಿನ ಖಲಾಸಿಗಳನ್ನೂ ಮಾತಾಡಿಸಿ

ಸಂಪಾದಕರೇ,

ಕಳೆದ ವಾರ ನಿಮ್ಮಲ್ಲಿ ಬಂದ 1971ರ ಯುದ್ಧದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಪೂರ್ತಿ ಯುದ್ಧನೌಕೆಗಳದ್ದೇ ಕತೆ. ಸೈನಿಕರನ್ನೂ ಅವರ ಸಾಮಾನನ್ನೂ ಹೊತ್ತು ಹೋದ ಹಡಗುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಡಿಸೆಂಬರ್‌ನಲ್ಲಿ ಗೂರ್ಖಾ ಪಡೆಯನ್ನು ಕಲ್ಕತ್ತಾದಿಂದ ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಕಡೆಗೆ ಒಯ್ದದ್ದು 'ವಿಶ್ವ ವಿಜಯ' ಅನ್ನುವ ಸರಕು ಹಡಗು. ನಡುನೀರಿನಲ್ಲೇ ಅವರನ್ನು ನೌಕಾಪಡೆಯ ಮಗರ್, ಘರಿಯಾಲ್ ಹಡಗುಗಳಿಗೆ ದಾಟಿಸಬೇಕಾಯಿತು. ಅಂಥ ಹಡಗಿನ ಖಲಾಸಿಗಳ ಹತ್ತಿರ ಹೇಳುವುದಕ್ಕೆ ಎಷ್ಟಿರಬಹುದು, ಯೋಚಿಸಿ.

ನನಗೆ ಇದು ಮನೆಯ ವಿಷಯ. ನಮ್ಮಜ್ಜ ಕುಮಟಾದವರು. ಎರಡನೇ ಮಹಾಯುದ್ಧದ ಹೊತ್ತಿಗೆ ಬೊಂಬಾಯಿಯಿಂದ ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಡೆಕ್ ಖಲಾಸಿ. ಸಬ್‌ಮರೀನ್ ಭಯಕ್ಕೆ ರಾತ್ರಿ ಡೆಕ್ ಮೇಲೆ ಒಂದು ಕಿಡಿಯೂ ಕಾಣಬಾರದಿತ್ತಂತೆ. ಸಾಯುವವರೆಗೂ ಅಜ್ಜ ಬೀಡಿಯ ಉರಿಯುವ ತುದಿಯನ್ನು ಅಂಗೈಯೊಳಗೆ ಮುಚ್ಚಿಕೊಂಡೇ ಸೇದುತ್ತಿದ್ದರು, ಊರಿನ ಮನೆಯ ಜಗಲಿ ಮೇಲೆ ಕೂತಾಗಲೂ. ನಾವು ಮಕ್ಕಳು ಅದನ್ನು ನೋಡಿ ನೋಡಿ ಕೇಳುವುದನ್ನೇ ಬಿಟ್ಟಿದ್ದೆವು. ಕೊನೆಗೆ ಕೇಳಿದವಳು ನನ್ನ ಹೆಂಡತಿ, ಮದುವೆಯಾಗಿ ಬಂದ ಹೊಸತರಲ್ಲಿ. "ದೂರಕ್ಕೆ ಕಾಣ್ತದೆ ತಂಗೀ" ಅಂದರು, ಅಷ್ಟೇ.

1942ರ ನವೆಂಬರ್ 20ಕ್ಕೆ ಮುಂಬೈ ಬಿಟ್ಟ 'ತಿಲಾವಾ' ಹಡಗನ್ನು ಮೂರೇ ದಿನಕ್ಕೆ ಜಪಾನಿನ ಸಬ್‌ಮರೀನ್ ಮುಳುಗಿಸಿತು, 280 ಜನ ಹೋದರು. ಆ ಸುದ್ದಿ ಕೇಳಿದ ಮೇಲೂ ಅಜ್ಜ ಮತ್ತೆ ಹಡಗು ಹತ್ತಿದರು. ಯಾಕೆ ಹತ್ತಿದಿರಿ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ.

ಮುಂಬೈನ ಮಸ್ಜಿದ್ ಬಂದರ್‌ನ ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ ಆ ಯುದ್ಧದಲ್ಲಿ ಸಮುದ್ರದ ಪಾಲಾದ ಭಾರತದ ಸುಮಾರು 6,000 ವ್ಯಾಪಾರಿ ಹಡಗಿನವರ ಹೆಸರಿನ ಪಟ್ಟಿ ಇದೆ. ಸತ್ತವರಿಗೆ ಅಷ್ಟಾದರೂ ಆಯಿತು. ಬದುಕಿ ಬಂದವರು ಕಂಡದ್ದು ಮಾತ್ರ ಎಲ್ಲೂ ದಾಖಲಾಗದೆ ಅವರ ಜೊತೆಗೇ ಹೋಯಿತು, ನಮ್ಮಜ್ಜನದ್ದೂ ಸೇರಿ.

1971ರಲ್ಲಿ ಹಡಗಿನಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಕಾರವಾರ, ಹೊನ್ನಾವರ, ಮಲ್ಪೆ ಕಡೆಯಿಂದ ಬಂದು ಇಲ್ಲೇ ಡೊಂಬಿವಿಲಿ, ಭಾಂಡುಪ್‌ನಲ್ಲಿ ಮನೆ ಮಾಡಿದವರಿದ್ದಾರೆ. ದಯವಿಟ್ಟು ವಾರಕ್ಕೊಬ್ಬರನ್ನಾದರೂ ಮಾತಾಡಿಸಿ. ಸುಮ್ನೆ ಹೋಗಿ "ಯುದ್ಧದ ನೆನಪು ಹೇಳಿ" ಅಂದರೆ ಯಾರೂ ಜಾಸ್ತಿ ಹೇಳುವುದಿಲ್ಲ. ಅವರ ಸಿಡಿಸಿ, ಅಂದರೆ ಹಡಗಿನ ನೌಕರಿಯ ದಾಖಲೆ ಪುಸ್ತಕ ತೆಗೆಸಿ. ಯಾವ ಹಡಗು, ಹತ್ತಿದ ದಿನ, ಇಳಿದ ದಿನ, ಎಲ್ಲ ಸೀಲು ಸಮೇತ ಅದರಲ್ಲಿರುತ್ತದೆ. ಒಂದು ಸೀಲಿನ ಮೇಲೆ ಬೆರಳಿಟ್ಟು ಕೇಳಿದರೆ ಸಾಕು, ಕ್ಯಾಪ್ಟನ್ ಬೈದದ್ದರಿಂದ ಹಿಡಿದು ಭಂಡಾರಿ (ಹಡಗಿನ ಅಡುಗೆಯವ) ಮಾಡಿದ ಸಾರಿನವರೆಗೆ ಎಲ್ಲ ಬರುತ್ತದೆ.

ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲೇ ಒಬ್ಬ ನಿವೃತ್ತ ಸಾರಂಗ್, ಅಂದರೆ ಡೆಕ್ ಖಲಾಸಿಗಳ ಮುಖ್ಯಸ್ಥ, ಇದ್ದಾರೆ. 79 ವರ್ಷ, ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ನಿಮ್ಮ ವರದಿಗಾರರು ಬರುವುದಾದರೆ ಬೆಳಿಗ್ಗೆ ಹತ್ತರ ಮೇಲೆ ಬರಲಿ, ನಾನೇ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಓದುಗ,
ಡೊಂಬಿವಿಲಿ