ಇನ್‌ವ್ಯಾಲಿಡ್ ಅಂತ ಮುಚ್ಚಿದರೆ ಮುಚ್ಚಲಿ, ಗೌರಿ

ಪ್ರೀತಿಯ ಗೌರಿ,

ನಿನ್ನ ಮೇಲ್ ಬಂತು. ಮನೆಯ ಸುದ್ದಿ ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾರೆ, ಅದನ್ನು ಬಿಡುತ್ತೇನೆ. ಹೊಸ ಸರ್ಕ್ಯೂಟ್ ಬೋರ್ಡು, ಆಫೀಸು, ಪೀಜಿ ಊಟ ಎಲ್ಲ ಬರೆದಿದ್ದೀಯ, ಓದಿ ಖುಷಿಯಾಯಿತು. ಆದರೆ ಕೊನೆಗೆ, ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಬಗ್ಗೆ ಒಂದು ಮಾತು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. "ಕಂಪೈಲರ್‌ದೇ ತಪ್ಪು ಅನಿಸ್ತಿದೆ ಅತ್ತೆ, ಆದರೆ ರಿಪೋರ್ಟ್ ಹಾಕಲ್ಲ. ಆಮೇಲೆ ತಪ್ಪು ನಂದೇ ಅಂತ ಗೊತ್ತಾದರೆ ಇನ್‌ವ್ಯಾಲಿಡ್ ಅಂತ ಮುಚ್ಚಿಬಿಡ್ತಾರೆ, ನನ್ನ ಹೆಸರಿನ ಜೊತೆ ಅದು ಅಲ್ಲೇ ಉಳಿದುಬಿಡುತ್ತೆ, ಯಾರು ಬೇಕಾದರೂ ಹುಡುಕಿ ನೋಡಬಹುದು."

ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ನೀನು ಹೇಳಿದ್ದು ನಿಜ. ಉಳಿಯುತ್ತದೆ. ನೀನು ಬಳಸುವ ಜಿಸಿಸಿ ಕಂಪೈಲರ್ ಮಾಡುವವರಿಗೆ ಬಗ್, ಅಂದರೆ ತಪ್ಪು, ತಿಳಿಸುವ ಬಗ್‌ಜಿಲ್ಲಾ ತಾಣದಲ್ಲಿ ಒಮ್ಮೆ ನಂಬರ್ ಬಿತ್ತು ಅಂದರೆ ಅದು ಅಲ್ಲೇ ಇರುತ್ತದೆ. ಆದರೆ ಅಲ್ಲಿ ಇನ್ನೂ ಎಂಥೆಂಥ ರಿಪೋರ್ಟ್‌ಗಳು ಇವೆ ಅಂತ ಒಮ್ಮೆ ಕೂತು ನೋಡಿದ್ದೀಯಾ? 323ನೇ ನಂಬರಿನದನ್ನು ತೆಗೆದು ನೋಡು. 2000ರಲ್ಲಿ ಹಾಕಿದ್ದು. ಹಳೆಯ ಇಂಟೆಲ್ ಚಿಪ್ಪುಗಳಲ್ಲಿ ದಶಾಂಶದ ಲೆಕ್ಕ ಮಾಡುವ ರಿಜಿಸ್ಟರ್, ಅಂದರೆ ಚಿಪ್ಪಿನೊಳಗಿನ ಪುಟ್ಟ ಜಾಗ, 80 ಬಿಟ್ಟಿನದು, ಮೆಮೊರಿಯಲ್ಲಿ ಇಡುವ ಡಬಲ್ ಅನ್ನುವ ದಶಾಂಶ ಸಂಖ್ಯೆ 64 ಬಿಟ್ಟಿನದು. ರಿಜಿಸ್ಟರಿನಲ್ಲಿ ಇದ್ದಾಗ ಒಂದು ಬೆಲೆ, ಮೆಮೊರಿಗೆ ಹೋಗಿ ಬಂದ ಮೇಲೆ ಸ್ವಲ್ಪ ಬೇರೆ ಬೆಲೆ. ಕೋಡು ವೇಗವಾಗಲಿ ಅಂತ ಆಪ್ಟಿಮೈಸೇಷನ್ ಹಾಕಿದರೆ ಒಂದು ಉತ್ತರ, ತೆಗೆದರೆ ಇನ್ನೊಂದು. ಇದನ್ನು ಕಂಡವರೆಲ್ಲ ಕಂಪೈಲರ್ ಕೆಟ್ಟಿದೆ ಅಂತ ಹೊಸದಾಗಿ ರಿಪೋರ್ಟ್ ಹಾಕಿದರು. ವರ್ಷಗಟ್ಟಲೆ ಹಾಕುತ್ತಲೇ ಇದ್ದರು, ಜಿಸಿಸಿಯವರು ಅದೇ 323ರ ಡೂಪ್ಲಿಕೇಟ್ ಅಂತ ಮುಚ್ಚುತ್ತಲೇ ಇದ್ದರು. 2010ರಲ್ಲಿ ಬಂದ 4.5 ಆವೃತ್ತಿಯಲ್ಲಿ ಸಿ ಭಾಷೆಯ ನಿಯಮದಂತೆ ಲೆಕ್ಕ ಮಾಡುವ ಒಂದು ಆಯ್ಕೆಯನ್ನೂ ಕೊಟ್ಟರು. ಅಷ್ಟು ಜನರಲ್ಲಿ ಯಾರ ಹೆಸರು ಯಾರಿಗೆ ನೆನಪಿದೆ? ಯಾರ ಕೆಲಸ ಹೋಯಿತು?

ಇದನ್ನು ನಾನು ಇಷ್ಟು ಹಚ್ಚಿಕೊಂಡು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನ್ನ ಮಾತು ಓದಿದಾಗ ನನಗೆ ಬೇರೊಬ್ಬ ಹುಡುಗಿ ಕಣ್ಣ ಮುಂದೆ ಬಂದಳು.

ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದ ಕಾಲೇಜಿನಲ್ಲಿ ಆಗ ಎಲ್ಲಾ ಟರ್ಬೊ ಸಿ ಅನ್ನುವ ಹಳೆಯ ಕಂಪೈಲರ್. ನೀಲಿ ಪರದೆ, ಹಳದಿ ಅಕ್ಷರ. ಕಂಟ್ರೋಲ್ ಎಫ್9 ಒತ್ತಿ ಓಡಿಸುವುದು, ಆಲ್ಟ್ ಎಫ್5 ಒತ್ತಿ ಉತ್ತರ ನೋಡುವುದು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಮಾನ್ವಿ, ದೇವದುರ್ಗ, ಲಿಂಗಸುಗೂರಿನಿಂದ ಬೆಳಿಗ್ಗೆ ಬಸ್ಸಿಗೆ ಬಂದ ಮಕ್ಕಳು ಬೆವರು ಒರೆಸಿಕೊಳ್ಳುತ್ತಾ ಒಂದು ಕಂಪ್ಯೂಟರಿಗೆ ಮೂರು ಜನ ಕೂರುತ್ತಿದ್ದರು. ವೈವಾಕ್ಕೆ ಹೊರಗಿನಿಂದ ಬಂದ ಎಕ್ಸಾಮಿನರ್ ಒಬ್ಬರಿಗೆ ಒಂದು ಅಚ್ಚುಮೆಚ್ಚಿನ ಪ್ರಶ್ನೆ ಇತ್ತು. ಪರದೆಗೆ ಉತ್ತರ ಬರೆಯುವ ಒಂದೇ ಪ್ರಿಂಟ್‌ಎಫ್‌ನಲ್ಲಿ ಐ, ಅದಕ್ಕೆ ಒಂದು ಕೂಡಿಸುವ ಐ++, ++ಐ ಮೂರನ್ನೂ ಬರೆದು ಔಟ್‌ಪುಟ್ ಎಷ್ಟು ಅಂತ ಕೇಳುವುದು. ಎಲ್ಲರೂ ಗೈಡಿನಲ್ಲಿ ಓದಿದ ಉತ್ತರ ಹೇಳಿದರು. ಒಬ್ಬಳು ಮಾತ್ರ, "ಸರ್, ಇಲ್ಲಿ ಒಂದು ಉತ್ತರ ಬರುತ್ತೆ, ನಮ್ಮಣ್ಣನ ಕಂಪ್ಯೂಟರಿನಾಗೆ ಲಿನಕ್ಸ್ ಐತಿ, ಅಲ್ಲಿ ಮೂರನೇ ಅಂಕಿ ಬೇರೆ ಬರುತ್ತೆ, ಯಾವುದು ಸರಿ ಸರ್?" ಅಂದಳು. ಅವರು ಜೋರಾಗಿ ನಕ್ಕರು. "ಕಂಪ್ಯೂಟರ್ ತಪ್ಪು ಮಾಡುತ್ತೇನಮ್ಮ?" ಅಂದರು. ಅವರು ನಕ್ಕ ಮೇಲೆ ಲ್ಯಾಬೆಲ್ಲ ನಕ್ಕಿತು.

ಆ ಹುಡುಗಿ ಆಮೇಲೆ ಏನೂ ಕೇಳಲಿಲ್ಲ. ಆ ಸೆಮಿಸ್ಟರ್ ಅಲ್ಲ, ಮುಂದೆಯೂ ಕೇಳಲಿಲ್ಲ. ಪಾಠ ಅರ್ಥ ಆಯಿತಾ ಅಂದರೆ ತಲೆ ಆಡಿಸುವಳು. ಎಷ್ಟೋ ಕಾಲದ ಮೇಲೆ ನಾನೇ ಸಿ ಭಾಷೆಯ ನಿಯಮ ಓದಿದಾಗ ಗೊತ್ತಾಯಿತು. ಒಂದೇ ವೇರಿಯಬಲ್ಲನ್ನು ಹಾಗೆ ಎರಡು ಸಲ ಬದಲಿಸಿದರೆ ಏನು ಬರಬೇಕು ಅಂತ ಭಾಷೆ ಹೇಳುವುದೇ ಇಲ್ಲ, 1989ರ ನಿಯಮದಲ್ಲೇ ಹಾಗಿದೆ. ಅಂದರೆ ಅವಳ ಪ್ರಶ್ನೆಯೇ ಸರಿ, ಗೈಡಿನ ಉತ್ತರವೇ ಸುಮ್ನೆ. ಹೇಳೋಣ ಅಂದರೆ ಅವಳು ಎಲ್ಲಿದ್ದಾಳೆ ಅಂತ ಯಾರಿಗೂ ಗೊತ್ತಿಲ್ಲ. ಮದುವೆಯಾಗಿ ಹೈದರಾಬಾದ್ ಕಡೆ ಹೋದಳು ಅಂತ ಯಾರೋ ಅಂದರು, ಅಷ್ಟೇ. ಅದು ನನಗೆ ಈಗಲೂ ಚುಚ್ಚುತ್ತದೆ ಗೌರಿ.

ಇನ್ನೊಂದು ವಿಷಯ ಹೇಳುತ್ತೇನೆ, ನಿನಗೆ ಬೇಕಾದದ್ದು ಇದೇ. ಅವಳು ಅವತ್ತು ಆ ಪ್ರಶ್ನೆಯನ್ನು ಜಿಸಿಸಿಗೆ ಬಗ್ ಅಂತ ಕಳಿಸಿದ್ದರೆ ಅವರು ಖಂಡಿತ ಇನ್‌ವ್ಯಾಲಿಡ್ ಅಂತಲೇ ಮುಚ್ಚುತ್ತಿದ್ದರು. ಕಂಪೈಲರಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಆದರೆ ಮುಚ್ಚುವಾಗ ಯಾಕೆ ಅಂತ ಒಂದು ಸಾಲು ಬರೆಯುತ್ತಿದ್ದರು. ಆ ಒಂದು ಸಾಲು ನಮ್ಮ ಇಡೀ ಲ್ಯಾಬಿನಲ್ಲಿ ಯಾರ ಬಳಿಯೂ ಇರಲಿಲ್ಲ. ಜಿಸಿಸಿಯವರು ಬಗ್ ಹೇಗೆ ತಿಳಿಸಬೇಕು ಅಂತ ಬರೆದಿರುವುದನ್ನು ಓದು. ಅದರಲ್ಲೇ "ಇವು ಬಗ್ ಅಲ್ಲ" ಅಂತ ಒಂದು ಭಾಗ ಇದೆ. ಈ ಪ್ಲಸ್ ಪ್ಲಸ್ ವಿಷಯ ಅಲ್ಲಿದೆ. ಅತಿ ಹೆಚ್ಚು ಬರುವ, ಬಗ್ ಅಲ್ಲದ ರಿಪೋರ್ಟ್ ಯಾವುದು ಅಂದರೆ ದಶಾಂಶದ ಲೆಕ್ಕದ್ದು ಅಂತಲೂ ಅಲ್ಲೇ ಬರೆದಿದ್ದಾರೆ. ಅಂದರೆ ನಿನಗಿಂತ ಮುಂಚೆ ಅದೆಷ್ಟು ಜನ ಹೋಗಿ ಕೇಳಿ, ಇಲ್ಲ ಅನ್ನಿಸಿಕೊಂಡು ಬಂದಿದ್ದಾರೆ ಅಂತ ಲೆಕ್ಕ ಹಾಕು.

ಹಾಗಂತ ಯೋಚನೆ ಮಾಡದೆ ಹಾಕು ಅನ್ನುತ್ತಿಲ್ಲ. ನಿನ್ನ ಕೋಡು ನಾನು ನೋಡಿಲ್ಲ, ನಾನು ಹೇಳುವುದರಲ್ಲಿ ನಿನಗೆ ಗೊತ್ತಿರುವುದೇ ಜಾಸ್ತಿ ಇರಬಹುದು, ಬೇಜಾರು ಮಾಡಿಕೊಳ್ಳಬೇಡ. ಆಪ್ಟಿಮೈಸೇಷನ್ ಇಲ್ಲದ -ಓ0 ಹಾಕಿದರೆ ಉತ್ತರ ಸರಿ, ಆಪ್ಟಿಮೈಸೇಷನ್ ಇರುವ -ಓ2 ಹಾಕಿದರೆ ತಪ್ಪು ಅಂದಿದ್ದೀಯ. ಬೋರ್ಡಿನ ಸೀರಿಯಲ್ ತಂತಿಯಿಂದ ಬಂದ ಬೈಟ್‌ಗಳನ್ನು ಚಾರ್ ಬಫರಿನಲ್ಲಿ, ಅಂದರೆ ಒಂದೊಂದು ಬೈಟಿನ ಸಾಲಿನಲ್ಲಿ ಇಟ್ಟು, ಅದನ್ನೇ ಇಂಟ್ ಪಾಯಿಂಟರ್ ಮಾಡಿ ಪೂರ್ಣಾಂಕದಂತೆ ಓದುತ್ತಿದ್ದೀಯಾ? ಬೋರ್ಡಿನ ಕೆಲಸದಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ಆದರೆ ಸಿ ಭಾಷೆಯ ನಿಯಮ ಒಪ್ಪುವುದಿಲ್ಲ. -ಓ2 ಹಾಕಿದಾಗ ಜಿಸಿಸಿ ಆ ನಿಯಮವನ್ನು ನಂಬಿಕೊಂಡು ಲೆಕ್ಕ ಹಿಂದೆ ಮುಂದೆ ಮಾಡುತ್ತದೆ. ಎಚ್ಚರಿಕೆ ತೋರಿಸುವ -ವಾಲ್ ಹಾಕಿದರೂ ವಾರ್ನಿಂಗ್ ಬರಲಿಲ್ಲ ಅಂತ ನಂಬಬೇಡ, ಅದಕ್ಕೆ ಎಲ್ಲವೂ ಕಾಣುವುದಿಲ್ಲ. ಆ ನಿಯಮವನ್ನು ನಂಬಬೇಡ ಅಂತ ಕಂಪೈಲರಿಗೆ ಹೇಳುವ -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಹಾಕಿ ನೋಡು. -ಎಫ್‌ವ್ರ್ಯಾಪ್‌ವಿ ಹಾಕಿಯೂ ನೋಡು, ಇಂಟ್ ತನ್ನ ಮಿತಿಯಾದ 2147483647 ದಾಟುವ ಕಡೆ ಏನಾದರೂ ಇದ್ದರೆ ಅದರಿಂದ ಗೊತ್ತಾಗುತ್ತದೆ. ಇವುಗಳಿಂದ ಉತ್ತರ ಸರಿಹೋದರೆ ತಪ್ಪು ಬಹುಶಃ ನಮ್ಮ ಕಡೆಯದು. ಇದನ್ನು ಅವರೇ ಬರೆದಿದ್ದಾರೆ.

ಇಷ್ಟೆಲ್ಲ ನೋಡಿಯೂ ಉತ್ತರ ತಪ್ಪೇ ಬರುತ್ತಿದ್ದರೆ? ಆಗಲೂ ನೀನು ಹಾಕುವುದಿಲ್ಲ ಅಂತ ನನಗೆ ಅನುಮಾನ. ಆ ಹೆದರಿಕೆ ಪರೀಕ್ಷೆ ಮಾಡಿದಷ್ಟಕ್ಕೆ ಹೋಗುವುದಲ್ಲ. ಇನ್ನೊಂದು ಪರೀಕ್ಷೆ, ಇನ್ನೊಂದು ಪರೀಕ್ಷೆ ಅನ್ನುತ್ತಾ ಹೋಗುತ್ತೀ, ಅಷ್ಟರಲ್ಲಿ ಆ ಪ್ರಾಜೆಕ್ಟೇ ಮುಗಿದಿರುತ್ತದೆ. ಅಮೆರಿಕದ ವರ್ಜೀನಿಯಾದ ಕಾಲೇಜೊಂದರಲ್ಲಿ ಥಾಮಸ್ ನೈಸ್ಲಿ ಅಂತ ಒಬ್ಬ ಗಣಿತದ ಮೇಷ್ಟ್ರು ಇದ್ದರು. ಎರಡರ ಅಂತರದಲ್ಲಿರುವ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುವ ಲೆಕ್ಕ ಅವರದು. 1994ರ ಜೂನ್‌ನಲ್ಲಿ ಉತ್ತರ ತಾಳೆ ಆಗಲಿಲ್ಲ. ತಮ್ಮ ಪ್ರೋಗ್ರಾಂ, ಕಂಪೈಲರ್, ಮದರ್‌ಬೋರ್ಡು, ಒಂದೊಂದನ್ನೇ ಅನುಮಾನಿಸಿ ಒಂದೊಂದನ್ನೇ ಬಿಡುತ್ತಾ ಬಂದರು. ಅಕ್ಟೋಬರ್ ತನಕ ಅದೇ ಕೆಲಸ. ಕೊನೆಗೆ ಉಳಿದದ್ದು ಇಂಟೆಲ್‌ನ ಪೆಂಟಿಯಂ ಚಿಪ್ಪು. 824633702441 ಅನ್ನುವ ಒಂದು ಸಂಖ್ಯೆಯಿಂದ 1ನ್ನು ಭಾಗಿಸಿದರೆ ಚಿಪ್ಪೇ ತಪ್ಪು ಉತ್ತರ ಕೊಡುತ್ತಿತ್ತು. ಅಕ್ಟೋಬರ್ 30ಕ್ಕೆ ಗೊತ್ತಿದ್ದವರಿಗೆ ಮೇಲ್ ಹಾಕಿದರು. ಅದರಿಂದ ಇಂಟೆಲ್ 47.5 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ನನಗೆ ಆ ಹಣಕ್ಕಿಂತ ಆ ನಾಲ್ಕು ತಿಂಗಳು ಮುಖ್ಯ ಅನಿಸುತ್ತದೆ. ಅವರೂ ನಿನ್ನಂತೆ ತಮ್ಮನ್ನೇ ಮೊದಲು ಅನುಮಾನಿಸಿದರು. ಆದರೆ ಒಂದು ಹಂತ ಬಂದಾಗ ಬರೆದು ಕಳಿಸಿದರು.

ಕಂಪೈಲರ್ ಬರೆದವರು ದೊಡ್ಡವರು, ಅವರು ತಪ್ಪು ಮಾಡುತ್ತಾರಾ ಅಂತಲೂ ನಿನಗೆ ಒಳಗೆ ಇರಬಹುದು. ಮಾಡುತ್ತಾರೆ. ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಅಂತ ಒಂದು ಸಾಧನ ಮಾಡಿದ್ದರು, ಅದು ಮನಸ್ಸಿಗೆ ಬಂದಂತೆ ಸಿ ಪ್ರೋಗ್ರಾಂ ಹುಟ್ಟಿಸುತ್ತದೆ. ಅದನ್ನು ಇಟ್ಟುಕೊಂಡು ಮೂರು ವರ್ಷದಲ್ಲಿ ಯಾರಿಗೂ ಗೊತ್ತಿರದ 325ಕ್ಕೂ ಹೆಚ್ಚು ಬಗ್ ಹಿಡಿದು ತಿಳಿಸಿದರು, 2011ರಲ್ಲಿ ಅದನ್ನು ಪ್ರಕಟಿಸಿದರು. ಪರೀಕ್ಷೆ ಮಾಡಿದ ಪ್ರತಿ ಕಂಪೈಲರೂ ಕುಸಿದು ಬಿತ್ತು, ಪ್ರತಿಯೊಂದೂ ಯಾವ ಎಚ್ಚರಿಕೆಯೂ ಇಲ್ಲದೆ ತಪ್ಪು ಕೋಡು ಕೊಟ್ಟಿತು.

ನಿಮ್ಮಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟಿಗೆ ಹೋಗುತ್ತಿದ್ದಾಗ ಲಾಗ್‌ಬುಕ್ ಬರೆಯುವುದನ್ನು ಹೇಳುತ್ತಿದ್ದ, ನೆನಪಿದೆಯಾ? ಪಂಪಿನಿಂದ ಸದ್ದು ಬರುತ್ತಿದೆ ಅಂತ ಒಬ್ಬರು ಬರೆದು ಹೋದರೆ ಮುಂದಿನ ಶಿಫ್ಟಿನವರು ನೋಡಿ, ಏನೂ ಇಲ್ಲ ಅಂತ ಅದರ ಕೆಳಗೆ ಬರೆಯುತ್ತಿದ್ದರು. ಎರಡೂ ಸಾಲು ಪುಸ್ತಕದಲ್ಲೇ ಉಳಿಯುತ್ತಿದ್ದವು. ಬರೆದವನಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ, ಸದ್ದು ಕೇಳಿಯೂ ಬರೆಯದೆ ಹೋದವನಿಗೆ ಮಾತ್ರ ಅನ್ನುತ್ತಿದ್ದರು. ನಿನ್ನ ಹೆಸರಿನ ಕೆಳಗೆ ಇನ್‌ವ್ಯಾಲಿಡ್ ಅಂತ ಬಿದ್ದರೆ ಅದು ಅಷ್ಟೇ.

ಉತ್ತರ ಒರಟಾಗಿ ಬರಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊ. ಅವರಿಗೆ ದಿನಾ ಬಂದು ಬೀಳುವುದು ಜಾಸ್ತಿ, ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ನಿನ್ನ ಮೇಲಿನ ಸಿಟ್ಟಲ್ಲ. ಯಾಕೆ ಅಂತ ಅರ್ಥವಾಗದಿದ್ದರೆ ಅಲ್ಲೇ ಕೆಳಗೆ ಇನ್ನೊಮ್ಮೆ ಕೇಳು, ಮರ್ಯಾದೆಯಿಂದ ಕೇಳಿದರೆ ಯಾರಾದರೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಕಥೆ ಬರೆಯಬೇಕಾಗಿಲ್ಲ. ಇದು ಬರಬೇಕಿತ್ತು, ಇದು ಬಂತು, ಅಷ್ಟು ಸಾಕು. ಆವೃತ್ತಿಯ ವಿವರ ತೋರಿಸುವ ಜಿಸಿಸಿ -ವಿ ಹೊಡೆದರೆ ಬರುವುದನ್ನೆಲ್ಲ ಹಾಗೆಯೇ ಅಂಟಿಸು, ಕೊಟ್ಟ ಕಮಾಂಡ್ ಪೂರ್ತಿ ಹಾಕು. ಪರದೆಯ ಫೋಟೊ ಹಾಕಬೇಡ. -ಸೇವ್-ಟೆಂಪ್ಸ್ ಹಾಕಿದರೆ ಹೆಡರ್‌ಗಳೆಲ್ಲ ಒಳಗೆ ಬಂದಿರುವ .ಐ ಫೈಲ್ ಸಿಗುತ್ತದೆ, ಅದನ್ನು ಲಗತ್ತಿಸಬೇಕು.

ಆದರೆ ಅದಕ್ಕೂ ಮುಂಚೆ ಒಂದು ಮಾತು, ಇದನ್ನು ಮೊದಲೇ ಬರೆಯಬೇಕಿತ್ತು. ಅದು ಕಂಪನಿಯ ಕೋಡು. ಪೂರ್ತಿ ಹಾಗೇ ಹೊರಗೆ ಹಾಕಬೇಡ, ನಿಮ್ಮ ಹಿರಿಯರನ್ನು ಒಂದು ಮಾತು ಕೇಳು. ಕೇಳಿದ ಮೇಲೂ ಅದನ್ನು ಕತ್ತರಿಸುತ್ತಾ ಬಾ. ಒಂದು ಫಂಕ್ಷನ್ ತೆಗೆ, ತಪ್ಪು ಇನ್ನೂ ಬರುತ್ತದಾ ನೋಡು, ಬಂದರೆ ಇನ್ನೊಂದು ತೆಗೆ. ಸಿ-ರೆಡ್ಯೂಸ್ ಅನ್ನುವ ಸಾಧನ ಇದನ್ನು ತಾನೇ ಮಾಡುತ್ತದೆ, ಅದೂ ಯೂಟಾದವರದೇ. ಆದರೆ ಅದು ಕತ್ತರಿಸುತ್ತಾ ಹೋಗಿ ನಿಯಮ ಮುರಿದ ಕೋಡಿಗೆ ಬಂದು ನಿಲ್ಲುವುದೂ ಉಂಟು, ಪ್ರತಿ ಹಂತದಲ್ಲೂ ನಿಯಮ ಮುರಿದದ್ದನ್ನು ಹಿಡಿಯಲು ನೆರವಾಗುವ -ಎಫ್‌ಸ್ಯಾನಿಟೈಸ್=ಅನ್‌ಡಿಫೈನ್ಡ್ ಹಾಕಿ ಪರೀಕ್ಷಿಸುವಂತೆ ಸ್ಕ್ರಿಪ್ಟ್ ಬರೆ. ಹೀಗೆ ಇಪ್ಪತ್ತು ಸಾಲಿಗೆ ಇಳಿದಾಗ ತಪ್ಪು ನಿನ್ನದೋ ಅವರದೋ ಅಂತ ಬಹಳ ಸಲ ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೂ ಹಾಕು ಗೌರಿ. ಪೂರ್ತಿ ಖಾತ್ರಿ ಆಗಲಿ ಅಂತ ಕಾಯಬೇಡ, ಆ ಖಾತ್ರಿ ಕೊಡುವ ಕೆಲಸ ಅವರದೂ ಹೌದು.

ಬೋರ್ಡಿನ ಕಂಪನಿಯವರು ಕೊಟ್ಟ ಕಂಪೈಲರ್ ಹಳೆಯದಿರಬಹುದು, ಅವರು ತಾವೇ ತಿದ್ದಿರಲೂಬಹುದು. ಜಿಸಿಸಿಯವರ ಹೊಸ ಆವೃತ್ತಿಯಲ್ಲಿ ಒಮ್ಮೆ ಓಡಿಸಿ ನೋಡು, ಯಾರೋ ಆಗಲೇ ಸರಿ ಮಾಡಿರಬಹುದು.

ಆ ಇಪ್ಪತ್ತು ಸಾಲು ಆದ ಮೇಲೆ ನನಗೂ ಕಳಿಸು. ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಜಿಸಿಸಿ ಇದೆ. ನಿನ್ನ ಬೋರ್ಡಿನದು ಆರ್ಮ್ ಚಿಪ್ಪು, ನನ್ನದು ಇಂಟೆಲ್, ಆದರೂ ಓಡಿಸಿ ನೋಡುತ್ತೇನೆ. ಹಳೆಯದರಲ್ಲಿ ಸರಿ ಬಂದು ಹೊಸದರಲ್ಲಿ ತಪ್ಪು ಬರುವುದನ್ನು ರಿಗ್ರೆಷನ್ ಅನ್ನುತ್ತಾರೆ, ಅಂಥದ್ದಕ್ಕೆ ಅವರು ಹೆಚ್ಚು ಗಮನ ಕೊಡುತ್ತಾರೆ. ಹಾಗಿದ್ದರೆ ರಿಪೋರ್ಟಿನ ತಲೆಬರಹದಲ್ಲೇ ಬರೆಯಬೇಕು. ಹಾಕಿದ ಮೇಲೆ ನಂಬರ್ ಬರೆದು ತಿಳಿಸು, ಅವರು ಏನು ಬರೆದರೂ ಇಬ್ಬರೂ ಕೂತು ಓದೋಣ.

ನಿನ್ನ ಅತ್ತೆ,
ರಾಯಚೂರು