ಗೋಣಿ ಸೊಪ್ಪಿನ ಹಸಿ ರಸ ಬೇಡ

ಮಾನ್ಯರೇ,

ಗೋಣಿ ಸೊಪ್ಪಿನ ಹಸಿ ರಸವನ್ನು ದಿನವೂ ಬರಿಹೊಟ್ಟೆಯಲ್ಲಿ ಒಂದು ಲೋಟ ಕುಡಿದರೆ ಮೂತ್ರಪಿಂಡದ ಕಲ್ಲು ಕರಗುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ನಮ್ಮ ಬೀದಿಯಲ್ಲೇ ಇಬ್ಬರು ಕುಡಿಯತೊಡಗಿದ್ದಾರೆ. ರಸಾಯನಶಾಸ್ತ್ರ ಪಾಠ ಮಾಡಿದವನಾಗಿ ನಾನು ಸುಮ್ಮನಿರಲಾರೆ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಆಕ್ಸಲೇಟ್ ಎಂದರೆ ಸೊಪ್ಪುಗಳಲ್ಲಿ ಸಹಜವಾಗಿ ಇರುವ, ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುವ ವಸ್ತು. ಅದರ ಪ್ರಮಾಣದಲ್ಲಿ ಈ ಸೊಪ್ಪು ಪಾಲಕ್‌ಗೆ ಸರಿಸಾಟಿ. ಕಲ್ಲಿನ ತೊಂದರೆಯಿರುವವರು ಇದರ ರಸ ಕುಡಿಯುವುದೆಂದರೆ ಉರಿಯುವ ಒಲೆಗೆ ಸೌದೆ ಒಡ್ಡಿದಂತೆ.

ಇದರಲ್ಲಿ ಸೊಪ್ಪಿನ ತಪ್ಪೇನೂ ಇಲ್ಲ. ಟೊಮೆಟೊ ಸಾಲುಗಳ ನಡುವೆ ನಾವು ಕಳೆಯೆಂದು ಕಿತ್ತೆಸೆಯುವ, ಗಡಿಯ ತೆಲುಗರು ಗಂಗಪಾಯಲಕೂರ ಎನ್ನುವ ಈ ಗಿಡದ ನೂರು ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂನಷ್ಟು ಆಲ್ಫಾ ಲಿನೊಲೆನಿಕ್ ಆಮ್ಲ, ಅಂದರೆ ಒಮೆಗಾ-3 ಕೊಬ್ಬಿನಾಮ್ಲ, ಇರುತ್ತದೆ. ಸೊಪ್ಪುಗಳಲ್ಲಿ ಇಷ್ಟು ಸಿಗುವುದು ಅಪರೂಪ. ಜೊತೆಗೆ ಇ ಮತ್ತು ಸಿ ಜೀವಸತ್ವ, ಬೀಟಾ ಕ್ಯಾರೊಟಿನ್, ಪೊಟ್ಯಾಸಿಯಂ ಇವೆ. ದಂಟಿನ ಕೆಂಪು ಬೀಟ್‌ರೂಟಿನ ಕೆಂಪಿನ ಬಳಗದ್ದೇ. ಮಳೆ ಕೈಕೊಟ್ಟಾಗ ಈ ಗಿಡ ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರಿ ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಂಡು ಹಗಲಲ್ಲಿ ಬಳಸಿಕೊಳ್ಳುತ್ತದೆ. ಹೀಗಾಗಿ ಮುಂಜಾನೆ ಕಿತ್ತ ಎಲೆ ಹುಳಿ, ಸಂಜೆ ಕಿತ್ತದ್ದು ಸಪ್ಪೆ. ‘ಹೊತ್ತಾರೆ ಕಿತ್ತ ಸೊಪ್ಪಿಗೆ ಹುಣಸೆಹಣ್ಣು ಕಮ್ಮಿ ಹಾಕು’ ಎನ್ನುತ್ತಿದ್ದ ನಮ್ಮಜ್ಜಿಗೆ ಈ ಲೆಕ್ಕ ನಾಲಿಗೆಯಿಂದಲೇ ಗೊತ್ತಿತ್ತು.

ನಮ್ಮ ಅಡುಗೆಯಲ್ಲಿ ಗೋಣಿ ಸೊಪ್ಪು ಒಂಟಿಯಾಗಿ ಬರುವುದು ಕಡಿಮೆ. ಅಣ್ಣೆ, ಹೊನಗೊನೆ, ಗಣಿಕೆ ಸೊಪ್ಪುಗಳ ಜೊತೆ ಬೆರಕೆಯಲ್ಲಿ ಒಂದು ಹಿಡಿ ಬೀಳುತ್ತದೆ, ಅಷ್ಟೇ. ಕುದಿಸಿದಾಗ ಕರಗುವ ಆಕ್ಸಲೇಟ್‌ನ ಒಂದು ಪಾಲು ನೀರಿಗಿಳಿಯುತ್ತದೆ. ಆದರೆ ಬಸ್ಸಾರು ಮಾಡುವವರು ಬಸಿದ ಕಟ್ಟನ್ನೇ ಸಾರಿಗೆ ಬಳಸುವುದರಿಂದ ಅದು ಮತ್ತೆ ಮುದ್ದೆಯ ಜೊತೆ ಹೊಟ್ಟೆಗೇ ಸೇರುತ್ತದೆ. ಆರೋಗ್ಯವಂತರು ಇದಕ್ಕೆ ಹೆದರಬೇಕಿಲ್ಲ. ಕಲ್ಲು ಬಂದು ಹೋದವರು ಆ ನೀರನ್ನು ಚೆಲ್ಲಿ, ಪಲ್ಯವನ್ನಷ್ಟೇ ಮಿತವಾಗಿ, ಮೊಸರಿನೊಂದಿಗೆ ಉಣ್ಣುವುದು ಲೇಸು. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಕಟ್ಟಿಹಾಕುವುದರಿಂದ ರಕ್ತಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಸೊಪ್ಪು ಆಯಲು ಹೋಗುವ ಹೊಸಬರಿಗೆ ಇನ್ನೊಂದು ಮಾತು. ಇದರಂತೆಯೇ ನೆಲಕ್ಕೆ ಅಂಟಿಕೊಂಡು ಹರಡುವ ಹಾಲುಗಿಡವೊಂದಿದೆ. ದಂಟು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಗೋಣಿ ಸೊಪ್ಪಲ್ಲ, ಅಲ್ಲೇ ಬಿಟ್ಟುಬಿಡಿ. ಕಳೆನಾಶಕ ಹೊಡೆದ ತೋಟದ ಸೊಪ್ಪನ್ನಂತೂ ಮುಟ್ಟಲೇಬೇಡಿ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಶ್ರೀನಿವಾಸಪುರ, ಕೋಲಾರ ಜಿಲ್ಲೆ